ಅಮ್ಮನ ಹಿಂದೆ ಗೋಡೆ

ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ನನ್ನ ಮಗಳು ಕೇಳಿದಳು, "ಅಜ್ಜಿ, ನಿನ್ನ ಹಿಂದೆ ಯಾರು ನೋಡ್ತಾರೆ?"

ಅಮ್ಮ ತಿರುಗಿ ನೋಡಿದರು. "ಹಿಂದೆ ಯಾರೂ ಇಲ್ಲಮ್ಮ, ಗೋಡೆ ಐತೆ" ಅಂದರು.

ಮಗಳು ಹುಟ್ಟಿ ಬೆಳೆಯುತ್ತಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅವಳ ತಲೆಯಲ್ಲಿದ್ದದ್ದು ಇಂಗ್ಲಿಷಿನ 'ಲುಕ್ ಆಫ್ಟರ್', ಅಂದರೆ ನೋಡಿಕೊಳ್ಳುವುದು. ಲುಕ್ ಅಂದರೆ ನೋಡು, ಆಫ್ಟರ್ ಅಂದರೆ ಹಿಂದೆ. ಎರಡನ್ನೂ ಜೋಡಿಸಿ ಕನ್ನಡ ಮಾಡಿದ್ದಳು. ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮ ಕಡೆ ಹಿಂದೆ ಮುಂದೆ ಯಾರೂ ಇಲ್ಲ ಅನ್ನುವುದು ಎಂಥವರನ್ನು ಅಂತ ನಿಮಗೂ ಗೊತ್ತಲ್ವಾ?

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಅಪ್ಪ ಹೋದ ಮೇಲೆ ಅಮ್ಮ ಅಲ್ಲಿ ಒಬ್ಬರೇ ಇದ್ದಾರೆ.

ಅವತ್ತಿನಿಂದ ಈ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಇಂಗ್ಲಿಷಿನವರಿಗೆ ಲುಕ್ ಒಂದೇ ಸಾಕು, ಬಾಲ ಬದಲಾಯಿಸುತ್ತಾ ಹೋಗುತ್ತಾರೆ. ಲುಕ್ ಫಾರ್ ಅಂದರೆ ಹುಡುಕು, ಲುಕ್ ಇಂಟು ಅಂದರೆ ವಿಚಾರಿಸು, ಲುಕ್ ಡೌನ್ ಆನ್ ಅಂದರೆ ಕೀಳಾಗಿ ಕಾಣು. ಲುಕ್ ಆಫ್ಟರ್ ಅಂದರೆ ನೋಡಿಕೊಳ್ಳು. ಬಾಲ ಅಂಟಿಸುವುದು ನಮ್ಮಲ್ಲೂ ಇದೆ. ಆದರೆ ನಾವು ನೋಡು ಪಕ್ಕದಲ್ಲಿ ಇಟ್ಟಿರುವುದು ಕೊಳ್ಳು. ಕೊಳ್ಳು ಅಂದರೆ ತೆಗೆದುಕೊಳ್ಳುವುದು, ತನ್ನದು ಮಾಡಿಕೊಳ್ಳುವುದು. ಅವರ ಮಾತಿನಲ್ಲಿ ಕಣ್ಣು ಹಿಂದೆ ಹಿಂದೆ ಹೋಗುತ್ತದೆ, ಅಷ್ಟೇ. ನಮ್ಮ ಮಾತಿನಲ್ಲಿ ನೋಡಿದವನ ಮೈಮೇಲೆ ಭಾರ ಬರುತ್ತದೆ. ನನಗೆ ನಮ್ಮ ಮಾತೇ ದೊಡ್ಡದು ಅನಿಸುತ್ತದೆ.

ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸಿನ ಪಕ್ಕ ಬ್ಯಾಗ್ ಇಟ್ಟು, "ಅಕ್ಕ, ಸ್ವಲ್ಪ ನೋಡ್ಕೊಳ್ಳಿ" ಅಂತ ಟೀ ಕುಡಿಯಲು ಹೋಗುತ್ತಿದ್ದೆ. ಬರುವಷ್ಟರಲ್ಲಿ ಅವರು ಬ್ಯಾಗನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡಿರುತ್ತಿದ್ದರು. ಇಲ್ಲಿ ಲೀಡ್ಸ್‌ನ ರೈಲ್ವೆ ಸ್ಟೇಷನ್ನಿನಲ್ಲಿ ಬ್ಯಾಗ್ ಬಿಟ್ಟು ಹೋಗಬೇಡಿ ಅಂತ ಮೈಕು ಹೇಳುತ್ತಲೇ ಇರುತ್ತದೆ. ಪಕ್ಕದಲ್ಲಿ ಕೂತವರನ್ನು ಕೇಳಲು ನನಗೆ ಇನ್ನೂ ಬಾಯಿ ಬರುವುದಿಲ್ಲ.

ನೋಡಿಕೊಳ್ಳುವುದು ಅಂದರೆ ಏನು ಅಂತ ನಾನು ಕಲಿತದ್ದು ರೇಷ್ಮೆ ಹುಳದಿಂದ. ಹುಳದ ಮನೆ ಇದ್ದವರಿಗೆ ಗೊತ್ತು. ಚಾಕಿ, ಅಂದರೆ ಎಳೆ ಹುಳ, ಬಂದ ದಿನದಿಂದ ಗೂಡು ಕಟ್ಟುವವರೆಗೂ ಮನೆಯಲ್ಲಿ ಮದುವೆ ಇಲ್ಲ, ಜಾತ್ರೆ ಇಲ್ಲ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡಲು ಅಲ್ಲಾಡದೆ ಕೂರುತ್ತದೆ. ಆಗ ಸೊಪ್ಪು ಹಾಕುವ ಹಾಗಿಲ್ಲ, ಗಾಳಿ ಆಡುತ್ತಿರಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ರಾತ್ರಿ ಆ ಮನೆಯಲ್ಲಿ ನಿಂತರೆ ಮಳೆ ಬಂದ ಹಾಗೆ ಕೇಳುತ್ತದೆ, ಹುಳ ಸೊಪ್ಪು ತಿನ್ನುವ ಸದ್ದು. ಅಮ್ಮ ನಡುರಾತ್ರಿ ಎದ್ದು ಹೋಗಿ ನೋಡಿ ಬರುತ್ತಿದ್ದರು. ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳವನ್ನು ಒಂದೊಂದೇ ಆರಿಸಿ ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡುವಾಗ ಅವರ ಕಣ್ಣು ಕೆಂಪಾಗಿರುತ್ತಿತ್ತು. ಯಾರಾದರೂ ಊಟಕ್ಕೆ ಕರೆದರೆ, "ಹುಳ ನೋಡ್ಕೋಬೇಕು, ಬರಕ್ಕಾಗಲ್ಲ" ಅನ್ನುತ್ತಿದ್ದರು. ಅದಕ್ಕೆ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ ಲುಕ್ ಆಫ್ಟರ್ ಅನ್ನುವುದು ಕಾನೂನಿನಲ್ಲೂ ಇದೆ. 1989ರ ಮಕ್ಕಳ ಕಾಯ್ದೆಯಲ್ಲಿ 'ಲುಕ್ಡ್ ಆಫ್ಟರ್' ಮಕ್ಕಳು ಅಂತ ಬರುತ್ತದೆ. ಅಂದರೆ ಸರ್ಕಾರದ ಆಸರೆಯಲ್ಲಿ ಬೆಳೆಯುವ ಮಕ್ಕಳು. ಮೊದಲ ಸಲ ಓದಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ನಮ್ಮಲ್ಲಿ ಅಮ್ಮ, ಅತ್ತಿಗೆ, ಪಕ್ಕದ ಮನೆಯವರು ದಿನಾ ಮಾಡುವ ಕೆಲಸ ಇಲ್ಲಿ ಫಾರಂ ಮೇಲೆ ಕೂತಿದೆಯಲ್ಲಾ ಅನಿಸಿತು.

ಆದರೆ ಒಂದು ಮಾತು ಹೇಳಲೇಬೇಕು. ಇಷ್ಟು ಬರೆದ ಮೇಲೆ ಹೇಳಲು ಕಷ್ಟವಾಗುತ್ತಿದೆ. ಈ ದೇಶದಲ್ಲಿ ಕಾಯಿಲೆಯ ತಾಯಿಯನ್ನೋ ಗಂಡನನ್ನೋ ವಾರಕ್ಕೆ 35 ಗಂಟೆ ನೋಡಿಕೊಳ್ಳುವವರಿಗೆ ಸರ್ಕಾರದ ಭತ್ಯೆ ಇದೆ. ಅದಕ್ಕೆ ಷರತ್ತುಗಳಿವೆ, ಹಣವೂ ಜಾಸ್ತಿ ಅಲ್ಲ. ಆದರೂ ಯಾರೋ ಗಂಟೆ ಲೆಕ್ಕ ಹಾಕಿದ್ದಾರೆ. ನಮ್ಮ ಅಜ್ಜಿ ಹಾಸಿಗೆ ಹಿಡಿದಾಗ ಅಮ್ಮ ಆರು ವರ್ಷ ನೋಡಿಕೊಂಡರು. ಎಷ್ಟು ಗಂಟೆ ಅಂತ ಅಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸೊಸೆ ಅಂದಮೇಲೆ ನೋಡ್ಕೋತಾಳೆ ಅಂತ ಎಲ್ಲರೂ ಸುಮ್ನೆ ಇದ್ದೆವು.

ಇನ್ನೊಂದು ವಿಷಯ. ಇದೇ ಮಾತನ್ನು ನಮ್ಮವರು ಜಗಳದಲ್ಲೂ ಬಳಸುತ್ತೇವೆ. "ನಿನ್ನ ನೋಡ್ಕೋತೀನಿ" ಅಂದರೆ ಬೆದರಿಕೆ. ಅರ್ಜಿ ಹಿಡಿದು ಹೋದಾಗ "ನೋಡ್ಕೋತೀವಿ ಹೋಗಿ" ಅಂದರೆ ಕೆಲಸ ಆಗಲ್ಲ ಅಂತಲೇ ಅರ್ಥ. ಭಾರ ಹೊರುವ ಮಾತನ್ನೇ ಭಾರ ಇಳಿಸಲು ಬಳಸುತ್ತೇವೆ. ನಾನೂ ಬಳಸಿದ್ದೇನೆ. ಅಮ್ಮನಿಗೆ ಏನಾದರೂ ಆದರೆ ಅಂತ ಯಾರಾದರೂ ಕೇಳಿದಾಗ, "ಊರಲ್ಲಿ ಎಲ್ಲರೂ ಇದ್ದಾರೆ, ನೋಡ್ಕೋತಾರೆ" ಅಂದುಬಿಡುತ್ತೇನೆ.

ಆ ಎಲ್ಲರೂ ಅಂದರೆ ನಿಜವಾಗಿ ಒಬ್ಬರೇ, ಪಕ್ಕದ ಮನೆಯ ಅಕ್ಕ. ಬೆಳಿಗ್ಗೆ ಅಮ್ಮನ ಬಾಗಿಲು ತೆರೆಯುವುದು ತಡವಾದರೆ ಬಂದು ತಟ್ಟುತ್ತಾರೆ. ಬಿಪಿ ಮಾತ್ರೆ ಮುಗಿದರೆ ತಂದುಕೊಡುತ್ತಾರೆ. ಭಾನುವಾರ ಫೋನ್ ಹಿಡಿದು ನಿಂತಿದ್ದವರೂ ಅವರೇ. ಅದಕ್ಕೇ ನಮಗೆ ಅಮ್ಮನ ಹಿಂದೆ ಬರೀ ಗೋಡೆ ಕಂಡಿತು.