ಪಟೇಲ್ ಖಾಲಿ ಅಕ್ಕಾ, ಮರ ಅದ ಕೊಡ್ಲೇನು?

ಸೆಪ್ಟೆಂಬರ್ 17 ಹತ್ರ ಬಂತಂದ್ರ ಕಲಬುರಗಿಯೊಳಗ ಸರ್ದಾರ್ ಪಟೇಲರು ಸಿಗಂಗಿಲ್ಲ. ಸರ್ಕಲ್‌ನಾಗಿನ ಪುತ್ಥಳಿ ಮಾತಲ್ರಿ, ಅದು ಎಲ್ಲೂ ಹೋಗಂಗಿಲ್ಲ, ನಾ ಹೇಳ್ಲಾಕತ್ತಿದ್ದು ಸೂಪರ್ ಮಾರ್ಕೆಟ್ ಕಡಿ ಸಾಲಿ ಮಕ್ಕಳಿಗಿ ಫ್ಯಾನ್ಸಿ ಡ್ರೆಸ್ ಕಿರಾಯಿಗಿ ಕೊಡೋ ದುಕಾನದಾಗಿನ ಪಟೇಲರದು. ಧೋತರ, ಬಿಳಿ ಜುಬ್ಬಾ, ಹೆಗಲಿಗೊಂದ್ ಶಾಲು, ತಲಿಗಿ ಹಾಕೋ ರಬ್ಬರಿನ ಬೋಳ ಟೊಪಗಿ, ಇಷ್ಟು ಕೂಡಿಸಿದ್ರ ಒಂದ್ ಪಟೇಲ. ವಾರ ಮೊದ್ಲೇ ಬುಕ್ ಆಗಿಬಿಡ್ತಾರ. ಜರಾ ತಡಾ ಮಾಡಿ ಹೋದ್ರಿ ಅಂದ್ರ ದುಕಾನದಾಂವ ಮೊಬೈಲಿನಿಂದ ತಲಿ ಸುದ್ದಾ ಎತ್ತದೇ "ಪಟೇಲ್ ಖಾಲಿ ಅಕ್ಕಾ, ನೆಹರೂ ಅದ ನೋಡ್ರಿ, ಬ್ಯಾಡಂದ್ರ ಮರ ಅದ, ಜೂನ್ದಾಗ ಉಳಿದದ್ದು, ಕಡಿಮಿ ಮಾಡಿ ಕೊಡ್ತೀನಿ" ಅಂತಾನ. ವಿಮೋಚನಾ ದಿನಕ್ಕ ಮರ ತಗೊಂಡ್ ಹೋಗಿ ಏನ್ ಮಾಡ್ಲಿ ಮಾರಾಯಾ ಅಂದ್ರ "ಅವತ್ತೂ ಮರಾ ಇದ್ವಲ್ಲ" ಅಂದ. ಅದೂ ಖರೇನ.

ಬೆಂಗಳೂರು ಕಡ್ಯೋರಿಗಿ ಇದರ ಕಷ್ಟ ತಿಳ್ಯಂಗಿಲ್ಲ. ಅವ್ರಿಗಿ ಒಂದೇ ಸ್ವಾತಂತ್ರ್ಯ, ಒಂದೇ ಡ್ರೆಸ್. ನಮಗ ಆಗಸ್ಟ್ 15 ಮುಗದು ತಿಂಗಳ ಮ್ಯಾಲ ಎರಡ್ ದಿನಕ್ಕ ಇನ್ನೊಂದು. 1948ರ ಸೆಪ್ಟೆಂಬರ್ 13ಕ್ಕ ಗೃಹಮಂತ್ರಿ ಪಟೇಲರು ಕಳಿಸಿದ ಭಾರತದ ಸೈನ್ಯ ನಾವಿದ್ದ ಹೈದರಾಬಾದ್ ಸಂಸ್ಥಾನದೊಳಗ ಹೊಕ್ಕಿತು, 17ಕ್ಕ ನಿಜಾಮರು ಶರಣಾದ್ರು, ಆಪರೇಷನ್ ಪೋಲೊ ಐದ್ ದಿನದಾಗ ಫೈಸಲ್. 2019ರಾಗ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆತು, ದಿನದ ಹೆಸರೂ ಕಲ್ಯಾಣ ಕರ್ನಾಟಕ ಉತ್ಸವ ಆತು, ಡ್ರೆಸ್ ಮಾತ್ರ ಬದಲಾಗ್ಲಿಲ್ಲ. ಸಂಸ್ಥಾನ ತಗೊಳ್ಲಾಕ ಐದ್ ದಿನ ಸಾಕಾತು, ನಮ್ಮ ಸಣ್ಣಾಂವಗ ಆ ಬೋಳ ಟೊಪಗಿ ಹಾಕ್ಲಾಕ ಸಾಕಾಗ್ಲಿಲ್ಲ ನೋಡ್ರಿ. ಪಟೇಲರಿಗಿ ಆವಾಗ 72 ವರ್ಷ, ಇಂವಗ ನಾಕು. ಟೊಪಗಿ ಹಾಕಿದ್ರ ಕಿವಿ ಮಡಚ್ತದ, ಕಿವಿ ಹೊರಗ ತಗದ್ರ ಟೊಪಗಿ ಮ್ಯಾಲ ಎದ್ದು ನಿಂದರ್ತದ, ಒಳಗ ಬೆವರು ಇಳೀಲಾಕತ್ತದ, ಮ್ಯಾಲ ಉಣ್ಣಿ ಶಾಲು. ಕಲಬುರಗಿಯೊಳಗ ಉಣ್ಣಿ ಶಾಲು! ಸನ್ಮಾನದಾಗ ಶಾಲು ಹೊದ್ದೋರೂ ಸ್ಟೇಜ್ ಇಳಿಯೂದ್ರೊಳಗ ಮಡಚಿ ಬಗಲಾಗ ಇಟ್ಕೊಳ್ಳೋ ಊರಿದು.

ಸಾಲಿಗಿ ಹೋಗಿ ನೋಡಿದ್ರ ಅಲ್ಲಿ ಸಾಲಾಗಿ ಪಟೇಲರು. ಗಲ್ಲ ತುಂಬಿದ ಪಟೇಲ, ಹಲ್ಲ ಬಿದ್ದ ಪಟೇಲ, ಇನ್ನೊಬ್ಬ ಪಟೇಲನ ಟೊಪಗಿ ಜಗ್ಗೋ ಪಟೇಲ, ಅವ್ವನ ಸೆರಗ ಬಿಡದ ಪಟೇಲ. ಒಬ್ಬೊಬ್ಬರೇ ಮೈಕ್ ಮುಂದ ಬಂದು "ನಾನು ಸರ್ದಾರ್ ವಲ್ಲಭಭಾಯಿ ಪಟೇಲ್, ನಾನು ಉಕ್ಕಿನ ಮನುಷ್ಯ" ಅಂತ ಹೇಳಿ ಹೋಗ್ಬೇಕು. ನಮ್ಮಾಂವ ಮೈಕ್ ತನಕಾ ಛಂದಾಗಿ ಹೋದ, "ನಾನು ಸರ್ದಾರ್" ಅಂದ, ನಿಂತ, ನನ್ನ ಕಡಿ ನೋಡಿ "ಅವ್ವಾ, ಉಚ್ಚಿ ಬಂದದ" ಅಂದ. ಇಡೀ ಸಾಲಿಗಿ ಕೇಳ್ತು. ಧೋತರಕ್ಕ ಪಿನ್ ಹೊಡದಿದ್ದು ದುಕಾನದಾಂವ, ಎಲ್ಲೆಲ್ಲಿ ಹೊಡದಾನ ಅಂಬೋದು ಅವನಿಗೇ ಗೊತ್ತು, ಉಕ್ಕಿನ ಮನುಷ್ಯನ್ನ ಎತ್ಕೊಂಡು ಓಡಿದ್ದಾತು, ಮುಂದಿಂದು ಕೇಳಬ್ಯಾಡ್ರಿ. ಡಿಪಾಜಿಟ್ ವಾಪಸ್ ಬರ್ಲಿಲ್ಲ.

ಎಲ್ರೂ ಪಟೇಲರೇ ಯಾಕ ಅಂತ ನೀವು ಕೇಳ್ಬಹುದು. ನಮ್ಮ ಬಾಜು ಮನಿಯಾಕಿ ಜರಾ ಓದಕೊಂಡಾಕಿ, ತನ್ನ ಮಗನ್ನ ಸ್ವಾಮಿ ರಮಾನಂದ ತೀರ್ಥರನ್ನ ಮಾಡಿ ಕಳಿಸಿದ್ಳು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ನಡೆಸಿ ನಿಜಾಮರ ಜೈಲು ಕಂಡೋರು, ಈ ದಿನದ ಖರೇ ಹಕ್ಕುದಾರರು ಅಂದ್ರೂ ನಡೀತದ. ಜಡ್ಜ್ ಸಾಹೇಬ್ರು ಕಾವಿ ಬಟ್ಟಿ ನೋಡಿದ್ದೇ "ವಾಹ್, ವಿವೇಕಾನಂದ! ವೆರಿ ಗುಡ್" ಅಂದು ಮೂರನೇ ಬಹುಮಾನ ಕೊಟ್ಟು ಕಳಿಸಿದ್ರು. ಸೈನ್ಯ ನಡೆಸಿದ ಜನರಲ್ ಚೌಧರಿ ಆಗಿ ಒಬ್ಬರೂ ಬರಂಗಿಲ್ಲ, ಬಂದ್ರ ಬಸ್ ಸ್ಟ್ಯಾಂಡ್ ಮುಂದಿನ ಹೋಂಗಾರ್ಡ್ ಅನ್ಕೊಂಡಾರು ಅಂತ ಅಂಜಿಕಿ. ಅದಕ್ಕ ಬೋಳ ತಲಿನೇ ಸೇಫ್.

ಈಗ ಆ ಮರದ ಮಾತಿಗಿ ಬರ್ತೀನಿ. ಜೂನ್ 5, ವಿಶ್ವ ಪರಿಸರ ದಿನ, ಸಾಲಿ ಸುರು ಆಗಿ ಪುಸ್ತಕಕ್ಕ ರಟ್ಟು ಹಾಕೋದು ಮುಗದಿರಂಗಿಲ್ಲ, ಗ್ರೂಪಿನ್ಯಾಗ ಹಿಂದಿನ ರಾತ್ರಿ ಒಂಬತ್ತಕ್ಕ ಮೆಸೇಜ್ ಬಂತು, ನಾಳೆ ಮಕ್ಕಳು ಮರದ ವೇಷದಲ್ಲಿ ಬರತಕ್ಕದ್ದು. ರಾತ್ರಿ ಒಂಬತ್ತಕ್ಕ ಯಾ ಮರಾನೂ ಬೆಳ್ಯಂಗಿಲ್ಲ. ಆ ದುಕಾನದ್ದು ನೋಡಿದ್ರ ಕಾಂಡ ಥರ್ಮಾಕೋಲ್, ಎಲಿ ಪ್ಲಾಸ್ಟಿಕ್, ಬೇರು ಫೋಮ್, ಕೊರಳಿಗಿ ಹಾಕೋ ಬೋರ್ಡ್ ಮ್ಯಾಲ "ಪ್ಲಾಸ್ಟಿಕ್ ಬೇಡ", ಅದಕ್ಕ ಲ್ಯಾಮಿನೇಷನ್. 2022ರ ಜುಲೈ 1ರಿಂದ ದೇಶದಾಗ ಬಂದ್ ಮಾಡಿದ ಸಾಮಾನಿನ ಪಟ್ಟಿಯೊಳಗ ಅಲಂಕಾರದ ಥರ್ಮಾಕೋಲೂ ಅದರೀ. ಅಂದ್ರ ನಮ್ಮ ಮಕ್ಕಳು ಕಾನೂನಿಗಿ ವಿರುದ್ಧವಾಗಿ ಪರಿಸರ ಉಳಸ್ಲಾಕತ್ತಾರ. ನಮ್ಮ ದೊಡ್ಡಕಿ ಎರಡನೇತ್ತ ಓದ್ತಾಳ, ಆಕಿಗಿ ಬುದ್ಧಿ ಹೆಚ್ಚು, ಮನಿ ಮುಂದ ಬೇವಿನ ಗಿಡ ಅದ, ಎರಡ್ ಟೊಂಗಿ ಮುರಕೊಂಡು ನಡಕ್ಕ ನನ್ನ ಓಢಣಿಲೆ ಕಟಗೊಂಡು ನಿಂತ್ಳು, ಬೇವಿನ ಗಿಡದಂಗೇ ಕಾಣ್ತಿದ್ಳು ಯಾಕಂದ್ರ ಬೇವಿನ ಗಿಡಾನೇ ಇತ್ತಲ್ಲ. ಗೇಟಿನ್ಯಾಗೇ ಮೇಡಮ್ಮೋರು ನಿಂದ್ರಿಸಿ "ಒರಿಜಿನಲ್ ಎಲಿ ತರಬ್ಯಾಡ್ರಿ ಮಮ್ಮಿ, ಉದುರಿ ಕಸ ಆಗ್ತದ" ಅಂದ್ರು. ಈ ಮಮ್ಮಿ ಅನ್ನೋದೊಂದು. ನನಗಿಂತ ಹತ್ತು ವರ್ಷ ದೊಡ್ಡೋರು, ನನಗ ಮಮ್ಮಿ ಅಂತಾರ.

ಬೆಸ್ಟ್ ಔಟ್ ಆಫ್ ವೇಸ್ಟ್ ಅಂತ ಮತ್ತೊಂದ್ ಅದ, ಮನಿಯಾಗಿನ ಕೆಲಸಕ್ಕ ಬಾರದ ಸಾಮಾನಿಂದ ಏನರೆ ಮಾಡ್ಕೊಂಡ್ ಬರೋದು, ಅದಕ್ಕ ಬೇಕಾಗೋ ವೇಸ್ಟ್ ಎಲ್ಲಾ ಸ್ಟೇಷನರಿಯೊಳಗ ಹೊಸಾದ್ ಸಿಗ್ತದ. ಯಾರೂ ಚೀಪದ ಐಸ್‌ಕ್ರೀಮ್ ಕಡ್ಡಿ, ಯಾರೂ ಚಾ ಕುಡೀದ ಪೇಪರ್ ಕಪ್ಪು, ಕಡ್ಡಿ ಎಂದೂ ಕಾಣದ ಕಡ್ಡಿಪೆಟ್ಟಿಗಿ. ದೊಡ್ಡಕಿ ಅತ್ತಿಯವ್ರ ಹಳೇ ರೊಟ್ಟಿ ಬುಟ್ಟಿ ಬೋರಲ ಹಾಕಿ, ನಾಕ್ ಬದ್ನಿಕಾಯಿ ಕಾಲು ಹಚ್ಚಿ ಆಮಿ ಮಾಡಿದ್ಳು, ಫಿನಿಶಿಂಗ್ ಇಲ್ಲ ಅಂದ್ರು. ಗೆದ್ದದ್ದು ಯಾವ್ದು ಕೇಳ್ರಿ, ಆನ್‌ಲೈನ್ ತರಸಿದ್ದ ಕಿಟ್ಟು. ಬೆಲಿ ಸ್ಟಿಕ್ಕರ್ ಅದರ ತಳದಾಗ ಹಂಗೇ ಇತ್ತು.

ಮ್ಯಾಲಿನೋರು ಕೆಟ್ಟದ್ದು ಹೇಳಿಲ್ಲರೀ, ಸುಮ್ಮ ಅನಬಾರದು. ಹೊಸಾ ಶಿಕ್ಷಣ ನೀತಿಯೊಳಗ ಸಣ್ಣ ಮಕ್ಕಳು ಆಡಕೋತ ಕಲೀಲಿ ಅಂದಾರ, 2023ರ ಫೆಬ್ರವರಿಯಾಗ ದಿಲ್ಲಿಯೊಳಗ ಮೂರರಿಂದ ಎಂಟು ವರ್ಷದ ಮಕ್ಕಳಿಗಿ ಅಂತ 'ಜಾದೂಯಿ ಪಿಟಾರಾ' ಅನ್ನೋ ಪೆಟ್ಟಿಗಿ ಬಿಡುಗಡೆ ಮಾಡಿದ್ರು, ಗೊಂಬಿ, ಪಜಲ್, ಆಟದ ಸಾಮಾನು ಎಲ್ಲಾ ಅದರಾಗ. ನಮ್ಮ ಸಾಲಿಗಿ ಬರೂದ್ರೊಳಗ ಆ ಪಿಟಾರಾದಾಗಿನ ಜಾದೂ ಹೋಗಿ ಆಕ್ಟಿವಿಟಿ ಫೀ ಅಷ್ಟೇ ಉಳೀತು. "ಮನೆಯಲ್ಲಿರುವ ವಸ್ತುಗಳಿಂದ ಮಗುವಿನ ಜೊತೆ ಆಡಿ, ಆಡುವ ವಿಡಿಯೊ ಮಾಡಿ, ಲ್ಯಾಂಡ್‌ಸ್ಕೇಪ್‌ನಲ್ಲಿ, ಶುಕ್ರವಾರದೊಳಗೆ ಕಳಿಸಿ." ಆಡೋ ಕೂಸನ್ನ ನಿಂದ್ರಿಸಿ, ಬೋಗೋಣಿ ತಿಕ್ಕಿ ಥಳಾಥಳಾ ಮಾಡಿ, ಹಿಂದ ಒಣಾ ಹಾಕಿದ ಅರಿವಿ ತಗದು, "ಹಾಂ, ಈಗ ಆಡು" ಅಂದ್ರ ಅದು ಆಡ್ತದೇನ್ರಿ? ನಮ್ಮಾಂವ ಕೈ ಕಟಗೊಂಡು ನಿಂತ. ವಿಡಿಯೊ ಬಂದ್ ಮಾಡಿದ್ದೇ ತಡ, ಬೋಗೋಣಿ ತಲಿ ಮ್ಯಾಲ ಹೋತು.

ಖರೇ ಹೇಳ್ಬೇಕಂದ್ರ ನಮ್ಮ ಮನಿಯೊಳಗ ಆಟ ದಿನಾ ನಡೀತದ, ಯಾರೂ ಫೀ ತಗೊಳಂಗಿಲ್ಲ. ಸಂಜಿಗಿ ಪ್ಲಾಸ್ಟಿಕ್ ಕುರ್ಚಿ ಒಂದರ ಹಿಂದೊಂದ್ ಇಟ್ರ ಬಸ್. ಪರಾತ ಸ್ಟೇರಿಂಗ್. ಲಟ್ಟಣಗಿ ಗೇರ್, ಅದಕ್ಕೇ ರೊಟ್ಟಿ ಬಡದ ಮ್ಯಾಗ ಚಪಾತಿ ಮಾಡ್ಬೇಕಂದ್ರ ಡ್ರೈವರ್ ಸಾಹೇಬ್ರ ಪರ್ಮಿಷನ್ ಬೇಕು. ಡ್ರೈವರೂ ಅವನೇ, ಕಂಡಕ್ಟರೂ ಅವನೇ, ಅಜ್ಜನ ಪಟಗಾ ಅಡ್ಡ ಕಟಗೊಂಡು ಅದರಾಗ ಚೀಲ ಮಾಡಿ, ಹಳೇ ಕ್ಯಾಲೆಂಡರ್ ಹರದು ಟಿಕೇಟು. "ಆಳಂದ ಆಳಂದ ಆಳಂದ! ಬರ್ರಿ ಖಾಲಿ ಅದ!" ಅಂತ ಗಂಟಲ ಹರಕೋತಾನ. ದೊಡ್ಡಕಿ ಹತ್ತಿ ಇಸ್ಪೀಟಿನ ರಾಣಿ ತೋರಿಸ್ತಾಳ, ಅದು ಆಕಿ ಆಧಾರ್ ಕಾರ್ಡು. ಇಂವ ಕಾರ್ಡ್ ನೋಡ್ತಾನ, ಆಕಿ ಮಾರಿ ನೋಡ್ತಾನ, "ಫೋಟೋದಾಗ ನೀ ಇಲ್ಲ" ಅಂತಾನ. ಆಕಿ "ಹಳೇ ಫೋಟೋ ಅದ, ಎಲ್ರದೂ ಹಂಗೇ ಇರ್ತದ, ಜೀರೋ ಟಿಕೇಟ್ ಕೊಡಪಾ" ಅಂತಾಳ. ಶಕ್ತಿ ಯೋಜನಾ 2023ರ ಜೂನ್‌ದಾಗ ಸುರು ಆದಾಗ ಇಂವಗ ಮಾತೂ ನೆಟ್ಟಗ ಬರ್ತಿರ್ಲಿಲ್ಲ, ಈಗ ನಿಯಮಾ ಎಲ್ಲಾ ಬಾಯಿಪಾಠ. ಹಿಂದಿನ ಕುರ್ಚಿಯಾಗ ಪೇಪರ್ ಓದ್ಕೋತ ಕುಂತ ಅಜ್ಜಗ ಮಾತ್ರ ಬಿಡಂಗಿಲ್ಲ, "ಗಂಡಸ್ರಿಗಿ ಫ್ರೀ ಇಲ್ಲಜ್ಜಾ, ರೊಕ್ಕ ತಗೀ". ನಮ್ಮ ಮಾವನವ್ರು ಚಿಲ್ರಿ ಕೊಡ್ತಾರ, ಇಂವ ಹಿಂದಿರುಗಿಸಿ ಕೊಡಬೇಕಾದ ಎರಡ್ ರೂಪಾಯಿ ಟಿಕೇಟಿನ ಹಿಂದ ಗೀಚಿ ಕೊಡ್ತಾನ, ಇಳಿಯೂದ್ರೊಳಗ ಮರ್ತಬಿಡ್ತಾನ. ಪಕ್ಕಾ ಕಂಡಕ್ಟರ್.

ಹಂಗಾಗಿ ಸಾಲಿಯಾಗ 'ನಮ್ಮ ಸಹಾಯಕರು' ದಿನ ಅಂದಾಗ ನನಗ ಖುಷಿ ಆತು, ಈ ಸಲ ನಮ್ದು ಕಂಡಕ್ಟರ್, ಕಲೀಬೇಕಾದ್ದೇನೂ ಇಲ್ಲ. ದುಕಾನಕ್ಕ ಹೋದ್ರ ಕಂಡಕ್ಟರ್ ಡ್ರೆಸ್ಸೇ ಇಲ್ಲ. ಡಾಕ್ಟರ್ ಅದ, ಪೊಲೀಸ್ ಅದ, ಮಿಲ್ಟ್ರಿ ಅದ, ಪೈಲಟ್ ಅದ. ಈ ಊರಿಗಿ ವಿಮಾನ ಬಂದದ್ದು 2019ರ ನವೆಂಬರ್‌ದಾಗ, ಪೈಲಟ್ ಡ್ರೆಸ್ ಬಂದು ಕುಂತದ. ಕಲ್ಯಾಣ ಕರ್ನಾಟಕ ಸಾರಿಗಿ ನಿಗಮದ ಹೆಡ್ ಆಫೀಸೇ ಇಲ್ಲಿ ಅದ, ಖಾಕಿ ಅಂಗಿ ಒಂದ್ ಇಲ್ಲ. ಮನಿಯಾಗೇ ಮಾಡ್ತೀನ್ರಿ ಅಂತ ಮೇಡಮ್ಮೋರಿಗಿ ಕೇಳಿದ್ರ "ಕಂಡಕ್ಟರ್ ಬ್ಯಾಡ ಮಮ್ಮಿ, ಏನರೆ ಪಾಸಿಟಿವ್ ಇರ್ಲಿ" ಅಂದ್ರು. ಡಾಕ್ಟರೇ ಆತು. ಕೊರಳಾಗ ಸ್ಟೆತಾಸ್ಕೋಪು, ಬಿಳಿ ಕೋಟು ಪಾದದ ತನಕಾ, ಮೈಕ್ ಮುಂದ ಹೋಗಿ ಕಲಿಸಿದ್ದೆಲ್ಲಾ ಬಿಟ್ಟು "ಆಳಂದ ಆಳಂದ ಆಳಂದ!" ಅಂದ. ಜನ ಸೀಟಿ ಹೊಡದ್ರು. ಜಡ್ಜ್ ಏನೋ ಬರಕೊಂಡ್ರು, ಬಹುಶಃ ಸರ್ಕಾರಿ ಡಾಕ್ಟರ್ ಅಂತ ಬರದಿರಬೇಕು.

ಮಣ್ಣೆತ್ತಿನ ಅಮಾಸಿಗಿ ಏನಾತು ಅದನ್ನೂ ಹೇಳಿಬಿಡ್ತೀನಿ. ನಮ್ಮ ಕಡಿ ಎರಿ ಮಣ್ಣ ತಂದು, ನಾದಿ, ಎತ್ತಿನ ಜೋಡಿ ಮಾಡಿ, ಕೋಡು ತಿದ್ದಿ, ಕಣ್ಣಿಗಿ ಎರಡ್ ಜ್ವಾಳ ಹಚ್ಚಿ ಪೂಜಿ ಮಾಡೋದು, ಮೊದ್ಲಿಂದ ಮಕ್ಕಳೇ ಮಾಡ್ತಾ ಬಂದದ್ದು. ಸಾಲಿಯೊಳಗ ಅದೇ ವಾರ ಕ್ಲೇ ಮಾಡೆಲಿಂಗ್ ಇತ್ತು. ಮಣ್ಣ ಕಳಿಸಿದ್ರ ವಾಪಸ್ ಬಂತು, ಡೈರಿಯೊಳಗ ಕೆಂಪ ಇಂಕಿಲೆ "ಹೈಜೀನಿಕ್ ಅಲ್ಲ". ಆರ್ ಬಣ್ಣದ ಪಾಕೀಟ್ ಕ್ಲೇ ತರಬೇಕಂತ, ಅದರ ಮ್ಯಾಲ ಐಎಸ್ಐ ಮಾರ್ಕ್ ನೋಡ್ಕೊಂಡು ತರಬೇಕಂತ. ಮಾರ್ಕಿನ ಮಾತು ಸರಿ ಅದ ಬಿಡ್ರಿ, 14 ವರ್ಷದೊಳಗಿನ ಮಕ್ಕಳ ಆಟಿಕಿಗಿ 2021ರ ಜನವರಿಯಿಂದ ಅದು ಕಡ್ಡಾಯ, ಬಾಯಾಗ ಹಾಕ್ಕೊಳ್ಳೋ ವಯಸ್ಸು, ಬಣ್ಣ ಯಾವ್ದೋ ಏನೋ, ಇರ್ಬೇಕು. ಆದ್ರ ಗುಲಾಬಿ ಬಣ್ಣದ ಎತ್ತು ಮಾಡಿ ತಂದಾರರೀ. ನಮ್ಮ ಅತ್ತಿಯವ್ರು ಅದನ್ನ ನೋಡಿ, ಅರಿಷಿಣ-ಕುಂಕುಮ ಹಚ್ಲಾಕ ಹೋದ ಕೈ ಹಿಂದಕ್ಕ ತಗೊಂಡು, "ಇದು ಯಾ ಕಡಿ ತಳಿಯವ್ವಾ, ಹೊಡ್ಯಾಕ ಬರ್ತದೇನು ಇದು" ಅಂದ್ರು.

ಈಗ ತಾಜಾ ಮೆಸೇಜ್ ಬಂದದ. ಎಳ್ಳಮಾಸಿ ಹತ್ರ ಬಂತು, ಊರಿಗಿ ಊರೇ ಹೊಲಕ್ಕ ಹೋಗಿ ಚರಗ ಚೆಲ್ಲಿ ಭಜ್ಜಿ-ರೊಟ್ಟಿ, ಕಡಬು ಉಣ್ಣೋ ಹಬ್ಬ, ಅದನ್ನ ಸಾಲಿಯೊಳಗ ಎರಡನೇ ಮಾಳಿಗಿ ಹಾಲ್‌ನಾಗ ಆಚರಿಸ್ತಾರಂತ. "ಮಕ್ಕಳು ರೈತನ ವೇಷದಲ್ಲಿ ಬರತಕ್ಕದ್ದು. ಧೋತರ, ಪಟಗ, ಮೀಸೆ, ನೇಗಿಲು ಕಡ್ಡಾಯ. ಮಣ್ಣು ಮತ್ತು ಕಾಳು ತರುವಂತಿಲ್ಲ. ಹೊಲಕ್ಕೆ ಹಸಿರು ಮ್ಯಾಟ್ ವ್ಯವಸ್ಥೆ ಇದೆ." ಡಿಸೆಂಬರ್‌ದಾಗ ನಮ್ಮ ಹೊಲದಾಗ ತೊಗರಿ ಒಣಗಿ ಕಂದು ಬಣ್ಣ ಆಗಿರ್ತದ, ಹಸಿರು ಮ್ಯಾಟ್ ಯಾ ಬೆಳಿ ಅಂತ ನಾ ಕೇಳ್ಲಿಲ್ಲ, ಕೇಳಿದ್ರ ಮಮ್ಮಿ ಅಂತಾರ.

ದುಕಾನದಾಂವಗ ಫೋನ್ ಹಚ್ಚಿದೆ. ರೈತ ಒಂದ್ ದಿನಕ್ಕ ಮುನ್ನೂರೈವತ್ತು, ನೇಗಿಲು ಬೇಕಂದ್ರ ಮ್ಯಾಲ ನೂರು. ಸ್ಪೀಕರ್ ಹಚ್ಚಿದ್ದೆ, ಮಾವನವ್ರು ಕೇಳಿಸ್ಕೊಂಡ್ರು. ಐವತ್ತು ವರ್ಷ ತೊಗರಿ ಬೆಳದ ಮನುಷ್ಯ, ಪೇಪರ್ ಮಡಚಿ ಬಾಜು ಇಟ್ಟು ಬೆರಳ ಎಣಸ್ಲಾಕ ಸುರು ಮಾಡಿದ್ರು. 2025-26ಕ್ಕ ಕ್ವಿಂಟಲ್ ತೊಗರಿಗಿ ಬೆಂಬಲ ಬೆಲಿ ಎಂಟು ಸಾವಿರ. ದಿನಕ್ಕ ನಾನೂರೈವತ್ತರಂಗ ಹದಿನೆಂಟ್ ದಿನ ಕಿರಾಯಿಗಿ ಹೋದ್ರ ಒಂದ್ ಕ್ವಿಂಟಲ್ ರೊಕ್ಕ ಬಂತು, ಮ್ಯಾಲ ನೂರು ಉಳೀತು. ಗೊಬ್ಬರ ಇಲ್ಲ, ಎಣ್ಣಿ ಹೊಡ್ಯಂಗಿಲ್ಲ, ಮಳಿಗಿ ಕಾಯಂಗಿಲ್ಲ, ಖರೀದಿ ಕೇಂದ್ರದ ಮುಂದ ಚೀಲ ಇಟಗೊಂಡು ರಾತ್ರಿ ಮಲಗಂಗಿಲ್ಲ.

"ಫೋನ್ ಇಡಬ್ಯಾಡವ್ವಾ" ಅಂದ್ರು. "ಅಂವಗೊಂದ್ ಮಾತ ಕೇಳು, ನಮ್ದು ಮೀಸಿ ಒರಿಜಿನಲ್ ಅದ, ಹೆಚ್ಚಿಗಿ ಏನರೆ ಕೊಡ್ತಾನೇನು ಅಂತ."