ಭಾರದ ಕಾರೇ ಬೇಗ ಇಳಿಯುತ್ತದೆಯೇ?

'ಭಾರ ಹೆಚ್ಚಾದಷ್ಟೂ ಆಟಿಕೆ ಕಾರು ಇಳಿಜಾರಿನಲ್ಲಿ ಬೇಗ ಇಳಿಯುತ್ತದೆ' ಅಂತ ಮಕ್ಕಳಿಗೆ ಹೇಳಿಕೊಡಬೇಕೆಂಬ ಲೇಖನವೊಂದರ ಮಾತು ಒಪ್ಪುವಂಥದ್ದಲ್ಲ. ಘರ್ಷಣೆ, ಗಾಳಿಯ ತಡೆ ಇಲ್ಲದೆ ಜಾರುವ ವಸ್ತುವಿನ ವೇಗ ನಿಂತಿರುವುದು ಎತ್ತರದ ಮೇಲೆ, ಭಾರದ ಮೇಲಲ್ಲ. ಕಾರಿನಲ್ಲಿ ಚಕ್ರ ತಿರುಗಿಸುವುದಕ್ಕೂ ಒಂದಿಷ್ಟು ಶಕ್ತಿ ಹೋಗುವುದರಿಂದ, ಮೈಭಾರ ಹೆಚ್ಚಿದರೆ ತುಸು ಲಾಭವಾದೀತು, ಅಷ್ಟೇ. ಅದೇ ಭಾರಕ್ಕೆ ಅಚ್ಚು (ಚಕ್ರಗಳನ್ನು ಜೋಡಿಸುವ ಕಡ್ಡಿ) ಬಾಗಿದರೆ ಕಾರು ಅರ್ಧದಲ್ಲೇ ನಿಲ್ಲುತ್ತದೆ.

ದಾವಣಗೆರೆಯ ಅಂಗನವಾಡಿಯಲ್ಲಿ ಎತ್ತರದ ಈ ಪಾತ್ರ ತೋರಿಸಲು ದುಬಾರಿ ಕಿಟ್ ಬೇಡ. ಒಂದು ಮೀಟರ್ ಹಲಗೆ, ರಟ್ಟು, ನಾಲ್ಕು ಬಾಟಲಿ ಮುಚ್ಚಳ, ಎರಡು ಬಿದಿರು ಕಡ್ಡಿ, ಸ್ಟ್ರಾ ಸಾಕು. ರಟ್ಟೇ ಕಾರಿನ ಮೈ, ಮುಚ್ಚಳಗಳೇ ಚಕ್ರ, ಕಡ್ಡಿಯೇ ಅಚ್ಚು; ರಟ್ಟಿನ ಅಡಿಗೆ ಅಂಟಿಸಿದ ಸ್ಟ್ರಾ ಒಳಗೆ ಕಡ್ಡಿ ಸಲೀಸಾಗಿ ತಿರುಗಬೇಕು. ಗೋಂದು ಒಳಗಿಳಿದರೆ ಅಚ್ಚು ಕಚ್ಚಿಕೊಂಡಿತೆಂದೇ ಲೆಕ್ಕ. ಮುಚ್ಚಳಕ್ಕೂ ಸ್ಟ್ರಾಕ್ಕೂ ನಡುವೆ 2 ಮಿ.ಮೀ. ಬಿಡಿ. ಮುಚ್ಚಳದ ತೂತು ನಟ್ಟನಡುವೆ ಬೀಳದಿದ್ದರೆ ಕಾರು ಕುಂಟುತ್ತದೆ (ತೂತು ಕೊರೆಯುವುದು ದೊಡ್ಡವರ ಕೆಲಸ). ಹಲಗೆ ನೆಲಕ್ಕೆ ತಾಗುವಲ್ಲಿ ರಟ್ಟಿನ ಪಟ್ಟಿ ಅಂಟಿಸದಿದ್ದರೆ ಮೂತಿ ಬಡಿದು ವೇಗವೆಲ್ಲ ಅಲ್ಲೇ ಹೋಗುತ್ತದೆ.

ಮೊದಲು 15 ಸೆಂ.ಮೀ., ಆಮೇಲೆ 30 ಸೆಂ.ಮೀ. ಎತ್ತರದಿಂದ ತಳ್ಳದೆ ಕೈಬಿಡಿ. ನೆಲದ ಮೇಲೆ ಓಡಿದ ದೂರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ವೇಗ ಮಾತ್ರ ಸುಮಾರು 1.4 ಪಟ್ಟು, ಆ ಲೆಕ್ಕ ಹೈಸ್ಕೂಲಿಗಿರಲಿ.