ಐತವಾರ ಯಾರದು?

ಮೊನ್ನೆ ಶನಿವಾರ ರಾತ್ರಿ 11.30ಕ್ಕೆ ಶನಿಗ್ರಹಕ್ಕೆ ನನ್ನ ಹಳೇ ಪ್ಲಾಸ್ಟಿಕ್ ಬಳೆ ತೊಡಿಸ್ತಾ ಕೂತಿದ್ದೆ.

ನಾಲ್ಕನೇ ತರಗತಿ ಓದೋ ಮಗನಿಗೆ ಸೋಮವಾರದೊಳಗೆ ಸೌರಮಂಡಲ ಮಾಡಿಕೊಂಡು ಬಾ ಅಂದಿದ್ದರು. ಎಂಟು ಗ್ರಹಕ್ಕೆ ಎಂಟು ಥರ್ಮಾಕೋಲ್ ಉಂಡೆ ಸಿಕ್ಕವು, ಕೆಳಗೆ ಹಾಸೋಕೆ ಹಾಳೆ ಸಿಗಲಿಲ್ಲ. ನವನಗರದ ಅಂಗಡಿಗಳು ಬಾಗಿಲು ಹಾಕಿ ಬಹಳ ಹೊತ್ತಾಗಿತ್ತು. ಡಿಸೆಂಬರ್‌ನಲ್ಲಿ ಸಂಡೇ ಸ್ಕೂಲಿನ ನಾಟಕಕ್ಕೆ ಮಾಡಿದ್ದ ದೇವದೂತನ ರೆಕ್ಕೆ ಅಟ್ಟದ ಮೇಲಿತ್ತು. ಅದನ್ನೇ ಇಳಿಸಿ, ಅಂಟಿಸಿದ್ದ ಜರಿ ಕಿತ್ತು, ಚಾಕು ಕಾಸಿ ಕೊಯ್ದೆ. ಗಬ್ರಿಯೇಲನ ಎಡರೆಕ್ಕೆ ಮೇಲೆ ಈಗ ಗುರು, ಶನಿ, ಯುರೇನಸ್ ಕೂತಿವೆ. ಹತ್ತಿರದಿಂದ ನೋಡಿದರೆ ಭೂಮಿ ಪಕ್ಕ ಒಂದೆರಡು ಜರಿ ಚೂರು ಇನ್ನೂ ಮಿನುಗ್ತಾವೆ, ನಕ್ಷತ್ರ ಅಂದುಕೊಳ್ಳಲಿ ಅಂತ ಬಿಟ್ಟೆ. ಇದನ್ನೆಲ್ಲ ಮಾಡಬೇಕಾದ ವಿದ್ಯಾರ್ಥಿ ಬಾಯಿ ತೆರೆದು ಮಲಗಿದ್ದ. ಮನೆಯವರು ರಾತ್ರಿ ಪಾಳಿಗೆ ಹೋಗಿದ್ದರು.

ಮುಂಜಾನೆ 8ಕ್ಕೆ ಸಂಡೇ ಸ್ಕೂಲ್, 9.30ಕ್ಕೆ ಆರಾಧನೆ. ಈ ವಾರ ಸಣ್ಣ ಮಕ್ಕಳ ಪಾಠ ನನ್ನದೇ. ಹತ್ತನೇ ತರಗತಿ ಓದೋ ಮಗಳಿಗೆ 9ರಿಂದ 12ರವರೆಗೆ ಶಾಲೆಯಲ್ಲಿ ವಿಶೇಷ ತರಗತಿ. ಸಾಲದ್ದಕ್ಕೆ 10 ಗಂಟೆಗೆ ಪಾಲಕರ ಸಭೆ. 'ತಾಯಂದಿರು ತಪ್ಪದೇ ಹಾಜರಿರಬೇಕು' ಅಂತ ಶನಿವಾರ ರಾತ್ರಿ 10.40ಕ್ಕೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂತು. ಕೆಳಗೆ ಮೂವತ್ತೆಂಟು ಮಂದಿ ಕೈ ಮುಗಿದಿದ್ದರು. ನಾನೂ ಮುಗಿದೆ.

ನಾನೂ ಶಿಕ್ಷಕಿನೇ. ಸರ್ಕಾರಿ ಪ್ರಾಥಮಿಕ ಶಾಲೆ, ಐದನೇ ತರಗತಿ. ಹಾಗಾಗಿ ಇದನ್ನ ಬರೀ ಸಿಟ್ಟಿನಲ್ಲಿ ಬರೀತಿಲ್ಲ. ಸಿಟ್ಟಿನ ಜೊತೆಗೆ ಸ್ವಲ್ಪ ನಾಚಿಕೆನೂ ಇದೆ, ಅದು ಮುಂದೆ ಬರುತ್ತೆ.

ನನ್ನ ತವರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿಗಳ ಬಾಸೆಲ್ ಮಿಶನ್ ಅಲ್ಲಿಗೆ ಬಂದದ್ದು 1851ರಲ್ಲಿ, ಆಮೇಲೆ ಯಾವಾಗಲೋ ನಮ್ಮ ಮನೆತನ ಸಭೆಗೆ, ಅಂದರೆ ಚರ್ಚಿಗೆ, ಸೇರಿತು. ಧರ್ಮ ಬದಲಾದರೂ ಮಗ್ಗ ಬದಲಾಗಲಿಲ್ಲ, ಮನೆಯಲ್ಲಿ ಕುಬಸದ ಖಣ ನೇಯೋದು ನಡೆದೇ ಇತ್ತು. ನಮ್ಮಜ್ಜ ಶನಿವಾರ ಸಂಜೆ ಕುಣಿಮಗ್ಗದ ಮೇಲೆ ಹಳೇ ಧೋತರ ಹೊದಿಸಿಬಿಡ್ತಿದ್ದ. ಐತವಾರ ನಮ್ಮ ಮನೆಯೊಂದರಲ್ಲೇ ಲಾಳಿ ಸದ್ದು ಇರ್ತಿರಲಿಲ್ಲ. ಅಕ್ಕಪಕ್ಕದ ಮಗ್ಗಗಳು ಅಮಾಸಿಗೆ ನಿಲ್ತಿದ್ದವು, ಅವತ್ತು ನಮ್ಮದೊಂದೇ ಖಟ್ ಖಟ್ ಅಂತಿತ್ತು. ನಿಮಗೆ ಅಮಾಸಿ, ನಮಗೆ ಐತವಾರ. ಯಾರೂ ಯಾರನ್ನೂ ಕೇಳ್ತಿರಲಿಲ್ಲ. ವ್ಯಾಪಾರಿ ಮಾತ್ರ ಇಬ್ಬರನ್ನೂ ಬೈತಿದ್ದ.

ಆ ಧೋತರ ನನಗೆ ಈಗ ಬಹಳ ನೆನಪಾಗುತ್ತೆ. ನನ್ನ ಮಗ್ಗಕ್ಕೆ ಹೊದಿಸೋಕೆ ಏನೂ ಇಲ್ಲ, ಮೊಬೈಲ್ ಬಂದ್ ಮಾಡಿಟ್ಟರೆ ಸಂಡೇ ಸ್ಕೂಲಿನ ಪಾಲಕರಿಗೂ ನಾನು ಸಿಗೋದಿಲ್ಲ.

ಮಗಳ ಶಾಲೆಯ ಹೆಸರು ಬೇಡ. ಒಳ್ಳೇ ಶಾಲೆನೇ, ಪಾಠ ಚೆನ್ನಾಗಿ ಮಾಡ್ತಾರೆ. ಪಾಸಾಗೋ ಅಂಕವನ್ನ ಸರ್ಕಾರ 2025-26ರಲ್ಲಿ ಶೇ 35ರಿಂದ ಶೇ 33ಕ್ಕೆ ಇಳಿಸಿದೆ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಟ್ಟಿದೆ. ಆದರೆ ಅವರಿಗೆ ಪಾಸಾಗೋದು ಎಲ್ಲಿ ಸಾಕು, 625ಕ್ಕೆ 600ರ ಮೇಲೆ ಎಷ್ಟು ಮಂದಿ ಅಂತ ಫ್ಲೆಕ್ಸ್ ಹಾಕಬೇಕು. ಜೂನ್‌ನಲ್ಲಿ ತಿಂಗಳಿಗೊಂದು ಐತವಾರ ಅಂದರು, ದೀಪಾವಳಿ ಆದಮೇಲೆ ಎರಡಾಯ್ತು, ಈಗ ಎಲ್ಲ ಐತವಾರ. ಕ್ರಿಸ್‌ಮಸ್ ಗುರುವಾರ ಬಂದಿತ್ತು, ಶುಕ್ರವಾರ 26ಕ್ಕೆ ಗಣಿತದ ಕಿರುಪರೀಕ್ಷೆ. ಹಬ್ಬದ ದಿನ ಮಧ್ಯಾಹ್ನ ಬೀಗರು ಬಂದು ಊಟಕ್ಕೆ ಕೂತರೆ ನನ್ನ ಮಗಳು ಕರ್ಚಿಕಾಯಿ ತಟ್ಟೆ ಪಕ್ಕ ಇಟ್ಟುಕೊಂಡು ತ್ರಿಕೋನಮಿತಿ ಮಾಡ್ತಿದ್ದಳು.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. 'ನಿಮಗೇನ್ರಿ, ಕ್ರಿಸ್‌ಮಸ್ಸಿಗೆ ಹತ್ತು ದಿನ ಸೂಟಿ' ಅಂತಾರೆ. ನಮ್ಮ ರಾಜ್ಯದಲ್ಲಿ ಎಲ್ಲ ಶಾಲೆಗೂ ಇರೋದು 25ರ ಒಂದು ದಿನ ಮಾತ್ರ. ಹೆಚ್ಚು ರಜೆ ಬೇಕಾದ ಮಿಶನರಿ ಶಾಲೆಗಳು ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಿಗೆ (ಡಿಡಿಪಿಐ) ಮೊದಲೇ ಅರ್ಜಿ ಕೊಟ್ಟು ದಸರಾ ರಜೆಯಲ್ಲಿ ಅಷ್ಟು ದಿನ ಕಡಿಮೆ ಮಾಡಿಕೊಳ್ಳಬೇಕು. ಅದು ಪುಕ್ಕಟೆ ಅಲ್ಲ, ಸಾಲದ ಲೆಕ್ಕ. ನಾನಿರೋದು ಸರ್ಕಾರಿ ಶಾಲೆ, ನನಗೆ ಆ ಸಾಲವೂ ಇಲ್ಲ. 24ಕ್ಕೆ ಪೂರ್ತಿ ಶಾಲೆ ಮಾಡಿ, ಸಂಜೆ ಬಂದು ಎಣ್ಣೆ ಕಾಸಿದವಳು ನಾನು. 2025ರ ದಸರೆಯನ್ನಂತೂ ಕೇಳಲೇಬೇಡಿ. ಸೆಪ್ಟೆಂಬರ್ 22ಕ್ಕೆ ಸರ್ಕಾರದ ಜಾತಿ ಸಮೀಕ್ಷೆ ಶುರುವಾಯ್ತು, 60 ಪ್ರಶ್ನೆಯ ಆ್ಯಪ್ ಹಿಡಿದು ಮನೆ ಮನೆ ತಿರುಗಿದೆವು, ಅದು ಮುಗಿಯದೆ ಮಕ್ಕಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಬೆಳೆಸಿದರು. ಮಕ್ಕಳಿಗೆ ಸೂಟಿ, ನಮಗೆ ಸರ್ವರ್ ಡೌನ್.

ಜನವರಿಯಲ್ಲಿ ಧೈರ್ಯ ಮಾಡಿ ಮಗಳ ಹೆಡ್‌ಮಾಸ್ತರರನ್ನ ಭೇಟಿಯಾದೆ. 'ಸರ್, ಐತವಾರ ಮುಂಜಾನೆ ನಮ್ಮದು ಆರಾಧನಿ ಇರತೈತ್ರಿ. ಕ್ಲಾಸ್ ಮಧ್ಯಾಹ್ನ ಇಟ್ರ ನಡಿಯಾಂಗಿಲ್ಲೇನ್ರಿ?' ಅಂದೆ. ಪಾಪ, ಕೂಡ್ರಿಸಿ ಚಾ ತರಿಸಿದರು. 'ಮೇಡಂ, ನಾನೂ ಸೋಮವಾರ ಈಶ್ವರನ ಗುಡಿಗೆ ಹೋಗೂದು ಬಿಟ್ಟು ನಾಕ್ ತಿಂಗಳಾತು. ಮಾರ್ಚ್ ಮುಗೀಲಿ, ದೇವರು ಎಲ್ಲಿಗೂ ಹೋಗಾಂಗಿಲ್ಲ' ಅಂದರು. ಕೆಟ್ಟ ಮನಸ್ಸಿನ ಮಾತಲ್ಲ ಅದು. ಆದರೆ ದೇವರು ಎಲ್ಲಿಗೂ ಹೋಗೋದಿಲ್ಲ ಅಂತ ನನಗೂ ಗೊತ್ತಿದೆ, ಹೋಗೋದು ನನ್ನ ಮಗಳು. ಎರಡು ವರ್ಷ ಆದರೆ ಧಾರವಾಡನೋ ಬೆಂಗಳೂರೋ. ಅವಳ ಪಕ್ಕ ಒಂದೇ ಬೆಂಚಿನಲ್ಲಿ ಕೂತು ಹಾಡೋಕೆ ನನಗೆ ಉಳಿದಿರೋ ಐತವಾರಗಳನ್ನ ಬೆರಳು ಮಡಚಿ ಎಣಿಸಬಹುದು.

ಹೊರಗೆ ಬಂದಾಗ ಮಗಳ ಗೆಳತಿಯ ಅಮ್ಮ ಸಿಕ್ಕರು, ಮುಸ್ಲಿಂ ಮನೆಯವರು. ಹೇಳಿಕೊಂಡೆ. 'ನಿಮ್ಮದು ರಜಾದಿನ ಆದ್ರೂ ಐತಲ್ಲ ಅಕ್ಕಾ, ನಮ್ಮ ಶುಕ್ರವಾರ ಕೇಳೋರು ಯಾರು?' ಅಂದು ನಕ್ಕರು. ಅದೂ ಖರೇನೇ. ನಾನು ಅವತ್ತಿಂದ 'ನಮ್ಮ ಐತವಾರ' ಅನ್ನೋದನ್ನ ಕಡಿಮೆ ಮಾಡಿದ್ದೀನಿ. ವಾರಕ್ಕೊಂದು ದಿನ ಬಿಡುವು ಚರ್ಚಿನವರು ಕೊಟ್ಟ ದಾನವೂ ಅಲ್ಲ. ಮುಂಬೈ ಗಿರಣಿಗಳಲ್ಲಿ ಅದಕ್ಕಾಗಿ ಕೂಲಿಕಾರರನ್ನ ಕಟ್ಟಿ ವರ್ಷಗಟ್ಟಲೆ ಹೋರಾಡಿದವರು ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ. ಮಾಲೀಕರು ಒಪ್ಪಿದ್ದು 1890ರಲ್ಲಿ. ಗಿರಣಿ ಮಾಲೀಕರೇ ಬಿಟ್ಟುಕೊಟ್ಟ ದಿನವನ್ನ ಶಾಲೆಗಳು ಸದ್ದಿಲ್ಲದೆ ವಾಪಸ್ ತಗೋತಿವೆ.

ಬರೀ ಶಾಲೆಯನ್ನ ಬೈದರೆ ಅನ್ಯಾಯ ಆಗುತ್ತೆ. ನಮ್ಮ ಸಭೆಯೂ ಕಡಿಮೆ ಇಲ್ಲ. ಸುಗ್ಗಿ ಹಬ್ಬದ ಅಡುಗೆ ಯಾರು? ಹೆಣ್ಣುಮಕ್ಕಳು. ಸ್ತ್ರೀ ಕೂಟದ ಚಾ, ಸಂಡೇ ಸ್ಕೂಲಿನ ಪಾಠ, ಕುರುಬರ ವೇಷಕ್ಕೆ ಕಂಬಳಿ ಹುಡುಕೋದು? (ಕಂಬಳಿ ಮಾತ್ರ ಸಲೀಸು, ಹಿಂದಿನ ಮನೆಯವರು ನಿಜವಾದ ಕುರುಬರೇ. ನಮ್ಮ ಬೆತ್ಲೆಹೇಮಿನಲ್ಲಿ ಯಾವಾಗಲೂ ಅಸಲಿ ಕುರಿವಾಸನೆ ಇರುತ್ತೆ.) ಹೋದ ಮೇ ತಿಂಗಳು ತಾಯಂದಿರ ಐತವಾರ ನಮ್ಮ ಅಯ್ಯನವರು (ಪಾದ್ರಿಗಳು) ಬೈಬಲ್ಲಿನ ಜ್ಞಾನೋಕ್ತಿ 31ನೇ ಅಧ್ಯಾಯದ ಗುಣವತಿಯಾದ ಸತಿಯ ಮೇಲೆ ಪ್ರಸಂಗ ಮಾಡಿದರು. ಆಕೆ ಇನ್ನೂ ಕತ್ತಲಿರುವಾಗಲೇ ಏಳ್ತಾಳೆ, ಹೊಲ ಕೊಳ್ತಾಳೆ, ಬಟ್ಟೆ ನೇಯ್ತಾಳೆ, ಆಕೆಯ ದೀಪ ರಾತ್ರಿಯೆಲ್ಲ ಆರೋದಿಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈ ಕೊಡುವಾಗ ನಾನು ಮೆಲ್ಲಗೆ, 'ಅಯ್ಯನವರ, 15ನೇ ವಚನದಾಗ ಆಕೀಗೆ ದಾಸಿಯರೂ ಇದ್ರಲ್ರಿ' ಅಂದೆ. ಅವರು ನಕ್ಕರು. ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ನಗಲಿಲ್ಲ. ನನ್ನ ಕೈ ಸ್ವಲ್ಪ ಗಟ್ಟಿಯಾಗಿ ಹಿಡಿದರು.

ಈಗ ನಾಚಿಕೆಯ ಮಾತು.

ನವೆಂಬರ್‌ನಲ್ಲಿ ಒಂದು ಶನಿವಾರ ನನ್ನ ತರಗತಿಗೆ ಬೀಜ ಸಂಗ್ರಹದ ಚಾರ್ಟ್ ಮಾಡಿಕೊಂಡು ಬನ್ನಿ ಅಂದಿದ್ದೆ. ಸೋಮವಾರ ಒಬ್ಬ ಹುಡುಗಿ ಬರಿಗೈಲಿ ಬಂದಳು. ಹೆಸರು ಬೇಡ. ಜಡೆಗೆ ಎರಡು ಬಣ್ಣದ ರಿಬ್ಬನ್ ಕಟ್ಟಿಕೊಂಡು ಬರ್ತಾಳೆ, ಒಂದು ಕೆಂಪು, ಒಂದು ಬಿಳಿ. 'ಯಾಕ?' ಅಂದೆ. 'ಅವ್ವ ಉಳ್ಳಾಗಡ್ಡಿ ಕೀಳಾಕ ಹೋಗಿದ್ಳ್ರಿ ಅಕ್ಕೋರ.' 'ಎರಡು ದಿನ ಇತ್ತಲ್ಲ, ನಿಮ್ಮವ್ವಗ ಒಂದ್ ತಾಸ್ ಕುಂತು ಮಾಡಿಕೊಡಾಕ ಆಗಲಿಲ್ಲೇನು?'

ಮಾತು ಬಾಯಿಂದ ಬಿದ್ದ ಮೇಲೆ ನನ್ನ ಕಿವಿಗೇ ಕೇಳಿತು. ನಾನು ಹುಡುಗಿಗೆ ಕೆಲಸ ಹೇಳಿರಲಿಲ್ಲ. ದಿನವಿಡೀ ಮಣ್ಣಲ್ಲಿ ಬಗ್ಗಿ ಗಡ್ಡೆ ಕಿತ್ತು ಬಂದ, ಮುಖವನ್ನೇ ನೋಡಿರದ ಹೆಂಗಸೊಬ್ಬಳಿಗೆ ಐತವಾರದ ಕೆಲಸ ಹಚ್ಚಿದ್ದೆ. ಮಗಳ ಶಾಲೆಯವರ ಮೇಲೆ ಯಾವ ಸಿಟ್ಟಿತ್ತೋ ಅದೇ ಕೆಲಸ ನಾನೂ ಮಾಡಿದ್ದೆ.

ಮಂಗಳವಾರ ಆ ಹುಡುಗಿ ನನ್ನ ಟೇಬಲ್ ಮೇಲೆ ಹಳೇ ಸೀರೆಯ ತುಂಡಿನ ಗಂಟು ಇಟ್ಟಳು. ಬಿಚ್ಚಿದರೆ ಐದು ಸಣ್ಣ ಗಂಟು. ಜೋಳ, ಸಜ್ಜೆ, ಕಡಲೆ, ಹೆಸರು, ಐದನೆಯದರಲ್ಲಿ ಕರೀ ಇರುವೆ ತಲೆಯಂಥ ಉಳ್ಳಾಗಡ್ಡಿ ಬೀಜ. ಚಾರ್ಟ್ ಇಲ್ಲ, ಗೋಂದು ಇಲ್ಲ, ಹೆಸರು ಬರೆದಿಲ್ಲ. ತರಗತಿಯಲ್ಲಿ ಎಲ್ಲ ಮಕ್ಕಳನ್ನ ಸುತ್ತ ಕೂಡ್ರಿಸಿ ಅದರಲ್ಲೇ ಪಾಠ ಮಾಡಿದೆ. ಮಿಕ್ಕ ಚಾರ್ಟ್‌ಗಳಲ್ಲಿ ಅರ್ಧ ಅಮ್ಮಂದಿರ ಅಕ್ಷರದಲ್ಲಿದ್ದವು. ನನಗೆ ಆ ಅಕ್ಷರ ಚೆನ್ನಾಗಿ ಗೊತ್ತು, ನಮ್ಮ ಮನೆಯಲ್ಲೂ ಅದೇ ಥರ ಬರೀತೀನಿ. ಅವತ್ತಿಂದ ಶನಿವಾರ ನಾನು ಮನೆಗೆಲಸ ಕೊಟ್ಟಿಲ್ಲ. ಮಾಡೋದೆಲ್ಲ ಶಾಲೆಯಲ್ಲೇ, ನನ್ನ ಎದುರಿಗೇ. ಒಬ್ಬ ಅಪ್ಪ ಬಂದು 'ಟೀಚರ, ಹುಡುಗ ಐತವಾರ ಬರೇ ಆಡಾಕತ್ತಾನ' ಅಂತ ದೂರಿದರು. 'ಹೌದ್ರಿ' ಅಂದೆ.

ಮೊನ್ನೆಯ ಐತವಾರಕ್ಕೆ ವಾಪಸ್ ಬರ್ತೀನಿ. ಮುಂಜಾನೆ 7ಕ್ಕೆ ಪಾಳಿ ಮುಗಿಸಿ ಬಂದ ಮನೆಯವರಿಗೆ ಚಾ ಕೊಟ್ಟು, 'ಪಾಲಕರ ಸಭಾಕ ಇವತ್ತ ನೀವು ಹೋಗ್ರಿ' ಅಂದೆ. 'ತಾಯಂದಿರು ಅಂತ ಹಾಕ್ಯಾರಲ್ಲ?' ಅಂದರು. 'ತಾಯಿ ಸಂಡೇ ಸ್ಕೂಲಿಗೆ ಹೋಗ್ಯಾಳ ಅನ್ರಿ.' ನಿದ್ದೆಗಣ್ಣಲ್ಲೇ ಅಂಗಿ ಹಾಕಿಕೊಂಡರು, ಮಗಳನ್ನೂ ಬೈಕಿನ ಮೇಲೆ ಕೂಡ್ರಿಸಿಕೊಂಡು ಹೋದರು. ಅವಳನ್ನ ಕ್ಲಾಸ್ ಬಿಡಿಸೋ ಧೈರ್ಯ ನನಗಿನ್ನೂ ಬಂದಿಲ್ಲ. 10.10ಕ್ಕೆ, ಚರ್ಚಿನಲ್ಲಿ ಪ್ರಾರ್ಥನೆ ನಡೀತಿದ್ದಾಗ, ಚೀಲದಲ್ಲಿ ಫೋನ್ ಗುಂಯ್ ಅಂತು. ನೋಡಲಿಲ್ಲ. ಮತ್ತೆ ಗುಂಯ್. ಆಮೆನ್ ಆದಮೇಲೆ ತೆಗೆದು ನೋಡಿದರೆ, 'ನಮ್ಮ ಹುಡುಗಿ ಎ ಸೆಕ್ಷನ್ನೋ ಬಿ ಸೆಕ್ಷನ್ನೋ?' ಅರ್ಧ ತಾಸು ಬೇರೆ ಮಕ್ಕಳ ಪಾಲಕರ ಜೊತೆ ಕೂತು, ಬೇರೆ ಯಾರದೋ ಮಗಳ ವಿಜ್ಞಾನದ ಅಂಕಕ್ಕೆ ಚಿಂತೆ ಮಾಡಿದ್ದರಂತೆ. ಕೊನೆಗೆ ಸರಿಯಾದ ಕೋಣೆಗೆ ಹೋದಾಗ ಅಲ್ಲಿ ಅವರೊಬ್ಬರೇ ಗಂಡಸು. ಕ್ಲಾಸ್ ಟೀಚರ್ ಬಹಳ ಗೌರವದಿಂದ ಅವರ ನಂಬರ್ ಕೇಳಿ ಗುಂಪಿಗೆ ಸೇರಿಸಿಕೊಂಡಿದ್ದಾರೆ.

ನಿನ್ನೆ ರಾತ್ರಿ 10.40. ಅವರ ಫೋನ್ ಬಡಕೊಂಡಿತು. ಆಮೇಲೆ ಕೈ ಮುಗಿಯೋ ಚಿತ್ರಗಳು, ಒಂದರ ಹಿಂದೆ ಒಂದು, ಮೂವತ್ತು ಸಲ. ಎದ್ದು ಕೂತು ಕನ್ನಡಕ ಹುಡುಕಿ ಓದಿದರು.

'ಏ, ಇದು ದಿನಾ ಹಿಂಗs ಬರತೈತೇನು?'

'ಹೂಂ' ಅಂದು ಗೋಡೆ ಕಡೆ ತಿರುಗಿ ಮಲಗಿದೆ.